ಮೊದಲು ಟೀಚರ್ ಓದಲಿ

ಶಾಲೆಯ ಲೈಬ್ರರಿಗೆ ಪುಸ್ತಕ ಕೊಳ್ಳುವಾಗ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಕಥೆಯ ನೀತಿ ಏನು? ಇದು ಎಷ್ಟನೇ ಕ್ಲಾಸಿಗೆ? ಎರಡಕ್ಕೂ ಉತ್ತರ ಪುಸ್ತಕದ ಹಿಂಬದಿಯಲ್ಲೋ ಮಾರಾಟಗಾರರ ಪಟ್ಟಿಯಲ್ಲೋ ಸಿಗುವುದರಿಂದ ಒಳಪುಟ ತೆರೆಯದೆಯೇ ಆರ್ಡರ್ ಹೋಗಿಬಿಡಬಹುದು. ಹಣ ಸಾಲದು ಎಂಬುದು ನಿಜವೇ. ಸಮಗ್ರ ಶಿಕ್ಷಾ ಯೋಜನೆ ಸರ್ಕಾರಿ ಶಾಲೆಯ ಲೈಬ್ರರಿಗೆ ಕೊಡುವುದು ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿ. ಆದರೆ ಇರುವಷ್ಟು ಹಣದಲ್ಲೂ ಕೇಳದೆ ಉಳಿಯುವ ಮೂರನೇ ಪ್ರಶ್ನೆಯೊಂದಿದೆ: ಪುಸ್ತಕವನ್ನು ಮಕ್ಕಳ ಕೈಗೆ ಕೊಡುವ ಟೀಚರ್ ಅದನ್ನು ತಾವೇ ಓದಿ ಖುಷಿಪಟ್ಟಿದ್ದಾರೆಯೇ?

ಸಿಕಂದರಾಬಾದಿನಂಥ ಊರಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಇಲ್ಲಿನ ಒಂದೇ ಬೆಂಚಿನಲ್ಲಿ ತೆಲುಗು, ದಖನಿ, ತಮಿಳು, ಮರಾಠಿ, ಕನ್ನಡದ ಮಕ್ಕಳು ಕೂತಿರಬಹುದು. ಕನ್ನಡ ಮನೆಗಳು ಇಲ್ಲಿಗೆ ಬಂದ ದಾರಿಗಳಲ್ಲಿ ರೈಲ್ವೆಯೂ ಒಂದು. 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ ಶುರುವಾದಾಗ ಹುಬ್ಬಳ್ಳಿ ವಿಭಾಗವೂ ಅದರೊಳಗಿತ್ತು. 2003ರಲ್ಲಿ ನೈಋತ್ಯ ರೈಲ್ವೆ ಬೇರೆಯಾಗುವವರೆಗೆ ಹುಬ್ಬಳ್ಳಿಯ ನೌಕರರಿಗೆ ಹೆಡ್ ಆಫೀಸ್ ಎಂದರೆ ಸಿಕಂದರಾಬಾದೇ. ಈಗ ಇಂಥ ಮನೆಯ ಮಗು ಶಾಲೆಯಲ್ಲಿ ಇಂಗ್ಲಿಷ್ ಕಲಿಯುತ್ತದೆ, ತೆಲಂಗಾಣದ 2018ರ ಕಾಯ್ದೆಯಂತೆ ತೆಲುಗನ್ನೂ ಕಲಿಯುತ್ತದೆ, ಜೊತೆಗೆ ಹಿಂದಿ ಇರುತ್ತದೆ. ಕನ್ನಡ ಮಾತಾಡುತ್ತದೆ, ಆದರೆ ಓದಲು ಬಾರದು. ಲೈಬ್ರರಿ ಪೀರಿಯಡ್ಡಿನಲ್ಲಿ ಅದರ ಕೈಗೆ ಬರುವುದು ‘ಲೆವೆಲ್ 2’ ಎಂದು ಅಚ್ಚಾದ ಇಂಗ್ಲಿಷ್ ಪುಸ್ತಕ. ನಗಲು ಇನ್ನೂ ಬಾರದ ಭಾಷೆಯಲ್ಲಿ ಓದಿನ ರುಚಿ ಹತ್ತಿಸಲು ಹೊರಡುವುದು ಕಷ್ಟದ ದಾರಿ.

ಬೇರೆ ದಾರಿ ಇದೇ ಊರಲ್ಲಿದೆ. ತಾರ್ನಾಕಾದ ‘ಮಂಚಿ ಪುಸ್ತಕಂ’ ಮಕ್ಕಳಿಗಾಗಿಯೇ ತೆಲುಗು ಪುಸ್ತಕಗಳನ್ನು ತರುತ್ತಿದೆ. ಹೈದರಾಬಾದಿನ ‘ಅನ್ವೇಷಿ’ ಮಹಿಳಾ ಅಧ್ಯಯನ ಕೇಂದ್ರ 2008ರಲ್ಲಿ ‘ಡಿಫರೆಂಟ್ ಟೇಲ್ಸ್’ ಎಂಬ ಮಾಲೆಯನ್ನು ಇಂಗ್ಲಿಷ್, ತೆಲುಗು, ಮಲಯಾಳಂಗಳಲ್ಲಿ ಹೊರತಂದಿತು. ದಲಿತ, ಮುಸ್ಲಿಂ ಮನೆಗಳ ಮಕ್ಕಳ ಬದುಕು ಅದರಲ್ಲಿದೆ. ಮೊಹಮ್ಮದ್ ಖದೀರ್ ಬಾಬು ಅವರ ಕಥೆಯಲ್ಲಿ ಮನೆಯವರೆಲ್ಲ ಸೇರಿ ತಲೆಮಾಂಸದ ಅಡುಗೆ ಮಾಡುವುದೇ ದೊಡ್ಡ ಸಂಭ್ರಮ. ‘ಇದರ ನೀತಿ ಏನು?’ ಎಂದು ಕೇಳುವವರ ಪಟ್ಟಿಗೆ ಇಂಥ ಪುಸ್ತಕ ಸೇರುವುದು ಕಷ್ಟ. ಓದಿ ನೋಡಿದ ಟೀಚರಿಗೆ ಮಾತ್ರ, ತನ್ನ ಕ್ಲಾಸಿನಲ್ಲಿ ಯಾವ ಹುಡುಗ ಇದನ್ನು ಎರಡನೇ ಸಲ ಕೇಳಿ ಒಯ್ಯುತ್ತಾನೆಂದು ಹೊಳೆಯುತ್ತದೆ.

ಕನ್ನಡದ ಮಗುವಿಗೂ ಟೀಚರ್ ಕನ್ನಡದವರೇ ಆಗಬೇಕೆಂದಿಲ್ಲ. ತೆಲುಗು ಟೀಚರೇ ಸಾಕು. ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ‘ಸ್ಟೋರಿವೀವರ್’ನಲ್ಲಿ ಒಂದೇ ಚಿತ್ರಕಥೆ ಹಲವು ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತದೆ. ತೆಲುಗಿನದನ್ನೂ ಕನ್ನಡದ್ದನ್ನೂ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟರೆ ಉಳಿದದ್ದನ್ನು ಲಿಪಿಯೇ ನೋಡಿಕೊಳ್ಳುತ್ತದೆ. ಗ, ದ, ನ, ಮ, ಯ, ಲ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕ, ತ, ಶ ತುಸು ಬೇರೆ. ತಲೆಕಟ್ಟಿನ ವ್ಯತ್ಯಾಸ ಕಣ್ಣಿಗೆ ಬೇಗ ಒಗ್ಗುತ್ತದೆ. ಪದಗಳ ಆಟ ಇನ್ನೂ ಸೊಗಸು: ಕನ್ನಡದ ಹುಲಿ ತೆಲುಗಿನಲ್ಲಿ ಪುಲಿ, ಹಾಲು ಪಾಲು, ಹಂದಿ ಪಂದಿ, ಹಾವು ಪಾಮು. ‘ಪ’ ಇದ್ದಲ್ಲಿ ‘ಹ’ ಬರುತ್ತದೆಂದು ಮಕ್ಕಳೇ ಕಂಡುಹಿಡಿದರೆ ಅದು ವ್ಯಾಕರಣದ ಪಾಠವಾಗಿ ಉಳಿಯುವುದಿಲ್ಲ, ಪತ್ತೇದಾರಿಯಾಗುತ್ತದೆ. ಅಲ್ಲಿಯವರೆಗೆ ಬಾಯಿ ತೆರೆಯದ ಕನ್ನಡದ ಹುಡುಗಿಗೆ ಅಂದು ಇಡೀ ಕ್ಲಾಸಿಗೆ ಹೇಳಿಕೊಡಲು ಏನೋ ಒಂದು ಇರುತ್ತದೆ.

ಒಳ್ಳೆಯ ಪುಸ್ತಕ ಆರಿಸಿಯೂ ಅದನ್ನು ಕೆಡಿಸುವುದು ಸುಲಭ. ಓದಿ ಮುಗಿಸಿದ ಕೂಡಲೇ ಸಾರಾಂಶ ಬರೆಸುವುದು, ಕಠಿಣ ಪದಗಳ ಅರ್ಥ ಕೇಳುವುದು, ಮೌಲ್ಯ ಪಟ್ಟಿಮಾಡಿಸುವುದು. ಪ್ರತಿ ಊಟದ ನಂತರ ಪರೀಕ್ಷೆ ಇಟ್ಟರೆ ಹಸಿವೇ ಸಾಯುತ್ತದೆ. ಗುಜರಾತಿನ ಶಿಕ್ಷಕ ಗಿಜುಭಾಯಿ ಬಧೇಕಾ ತಮ್ಮ ‘ದಿವಾಸ್ವಪ್ನ’ದಲ್ಲಿ ಚಿತ್ರಿಸಿದ ಮೇಷ್ಟ್ರು ಮೊದಲು ಮಾಡಿದ್ದು ಕಥೆ ಹೇಳುವುದನ್ನು. ಆಮೇಲೆ ಪಠ್ಯಪುಸ್ತಕಕ್ಕೆಂದು ಮಕ್ಕಳು ತರುವ ಹಣದಲ್ಲಿ ತರಗತಿಗೇ ಒಂದು ಲೈಬ್ರರಿ ಕಟ್ಟುತ್ತಾರೆ. ಫ್ರಾನ್ಸಿನಲ್ಲಿ ಮೇಷ್ಟ್ರಾಗಿದ್ದ ಲೇಖಕ ಡೇನಿಯಲ್ ಪೆನಾಕ್ 1992ರಲ್ಲಿ ಓದುಗರ ಹತ್ತು ಹಕ್ಕುಗಳನ್ನು ಪಟ್ಟಿಮಾಡಿದಾಗ ಮೊದಲನೆಯದೇ ಓದದಿರುವ ಹಕ್ಕು. ಪುಟ ಹಾರಿಸುವ, ಅರ್ಧಕ್ಕೇ ಬಿಡುವ ಹಕ್ಕುಗಳೂ ಅದರಲ್ಲಿವೆ. ದೊಡ್ಡವರು ದಿನವೂ ಬಳಸುವ ಈ ಹಕ್ಕುಗಳನ್ನು ಮಕ್ಕಳಿಗೆ ಮಾತ್ರ ಯಾಕೆ ಕೊಡಬಾರದು?

ಸಿಲೆಬಸ್, ಜನಗಣತಿ, ಚುನಾವಣಾ ಡ್ಯೂಟಿಗಳ ನಡುವೆ ಟೀಚರಿಗೆ ಬಿಡುವೆಲ್ಲಿದೆ ಎಂಬುದು ನ್ಯಾಯವಾದ ಆಕ್ಷೇಪ. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ 100 ದಿನಗಳ ಓದಿನ ಅಭಿಯಾನವನ್ನೇ ಶುರುಮಾಡಿತ್ತು. ಆದರೆ ಅಭಿಯಾನಕ್ಕೆ ಕೊನೆಯ ದಿನವೊಂದಿರುತ್ತದೆ. ಅದರ ಬದಲು ಶಾಲೆಯ ವೇಳಾಪಟ್ಟಿಯಲ್ಲೇ ದಿನಕ್ಕೆ ಹದಿನೈದು ನಿಮಿಷ ಎತ್ತಿಟ್ಟು, ಅಷ್ಟು ಹೊತ್ತು ಟೀಚರ್ ಗಟ್ಟಿಯಾಗಿ ಓದಲಿ, ಮಕ್ಕಳು ಸುಮ್ಮನೆ ಕೇಳಲಿ. ಪಟ್ಟಿಗೆ ಸಹಿ ಹಾಕುವ ಮುನ್ನ ಹತ್ತು ಪುಸ್ತಕಗಳನ್ನಾದರೂ ಓದಿ ನೋಡಲು ಅವರಿಗೆ ಒಂದು ದಿನ ಬಿಡುವು ಸಿಗಲಿ. ಆ ದಿನವನ್ನು ರಜೆ ಎನ್ನದೆ ಕೆಲಸವೆಂದೇ ಬರೆದುಕೊಳ್ಳಬೇಕು.