ಗುಡ್ಡದಾಚೆಯವರಿಗೂ ಸಿಗ್ನಲ್‌ನಲ್ಲಿ ಪಾಲು ಕೊಡಿ

ಸಕಲೇಶಪುರ–ಆಲೂರು ತಾಲ್ಲೂಕುಗಳ ಮೊಬೈಲ್ ಬಳಕೆದಾರರ ಹಕ್ಕೊತ್ತಾಯ ಪತ್ರ

ಇವರಿಗೆ: ಜಿಲ್ಲಾಧಿಕಾರಿಗಳು, ಹಾಸನ, ದೂರಸಂಪರ್ಕ ಇಲಾಖೆ, ಎಲ್ಲ ಮೊಬೈಲ್ ಕಂಪನಿಗಳು

ಮಾನ್ಯರೇ,

ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಕಾಫಿ ಕುಯ್ಯಲು ಹೊರಡುವ ಮುಂಚೆ ಅದು ಕೈಸೇರಿದರೆ ಜೀವ ಉಳಿದೀತು. ಹೆತ್ತೂರು, ಯಸಳೂರು, ಕೆಂಚಮ್ಮನ ಹೊಸಕೋಟೆ ಹೋಬಳಿಗಳ ತಗ್ಗಿನ ಮನೆಗಳವರಿಗೆ ಸಿಗ್ನಲ್ ಸಿಗದೆ, ಬೆಳಗಿನ ಸಂದೇಶ ಸಂಜೆ ರಸ್ತೆಗೆ ಹತ್ತಿ ಬಂದಾಗ ಟಣ್ ಎನ್ನುತ್ತದೆ.

ಟವರಿನ ತರಂಗಾಂತರವೂ ಬೇಸಿಗೆಯ ಹಳ್ಳದ ನೀರಿನ ಹಾಗೆ, ಇದ್ದಷ್ಟೇ. ಮೇಲಿನ ತೋಟದವರು ಸ್ಪ್ರಿಂಕ್ಲರ್ ಪಂಪು ನಿಲ್ಲಿಸದಿದ್ದರೆ ಕೆಳಗಿನವರ ಗಿಡ ಒಣಗುತ್ತದೆ. ಹಳ್ಳಕ್ಕೆ ಸರದಿ ಬೇಕೆನ್ನುವ ನಾವು ಟವರಿಗೂ ಅದನ್ನೇ ಕೇಳುತ್ತಿದ್ದೇವೆ.

1. ಆನೆ ಸಂದೇಶವನ್ನು ಸೆಲ್ ಬ್ರಾಡ್‌ಕಾಸ್ಟ್‌ನಲ್ಲಿ ಕಳಿಸಿ. ಎಸ್‌ಎಂಎಸ್ ಒಂದೊಂದು ಫೋನಿಗೂ ಬೇರೆಬೇರೆಯಾಗಿ ಹೋಗಬೇಕು. ಸೆಲ್ ಬ್ರಾಡ್‌ಕಾಸ್ಟ್‌ನಲ್ಲಿ ಟವರು ಒಮ್ಮೆ ಕೂಗಿದರೆ ಅದರ ವ್ಯಾಪ್ತಿಯ ಫೋನುಗಳೆಲ್ಲ ಕೇಳಿಸಿಕೊಳ್ಳುತ್ತವೆ. 2023ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ ಇದರ ಪರೀಕ್ಷೆಯೂ ಆಗಿದೆ. ಆನೆ ಇರುವ ಕಡೆಯ ಟವರುಗಳಿಂದಷ್ಟೇ ಕೂಗಿಸಿದರೆ ಸಾಕು.

2. ಟವರು ತುಂಬಿದ್ದರೂ 112ರ ಕರೆ ಕಾಯಬಾರದು. ಇಂಟರ್ನೆಟ್‌ನಲ್ಲಿ ಎಲ್ಲವನ್ನೂ ಸಮಾನವಾಗಿ ಸಾಗಿಸಬೇಕೆನ್ನುವ 2018ರ ನೆಟ್ ನ್ಯೂಟ್ರಾಲಿಟಿ ನಿಯಮವೂ ತುರ್ತು ಸೇವೆಗೆ ವಿನಾಯಿತಿ ಕೊಟ್ಟಿದೆ. ಕಾನೂನಿನ ನೆಪ ಬೇಡ. ತುರ್ತಿನ ನೆಪದಲ್ಲಿ ದುಡ್ಡು ಕೊಟ್ಟ ಆ್ಯಪ್‌ಗೆ ದಾರಿ ಬಿಡುವುದೂ ಬೇಡ.

3. ಅಂಚಿನವರಿಗೆ ಕನಿಷ್ಠ ಪಾಲು ಗೊತ್ತುಮಾಡಿ. ಟವರಿನ ಬುಡದಲ್ಲಿರುವವರಿಗೆ ಚಿಟಿಕೆ ಹೊಡೆಯುವಷ್ಟರಲ್ಲಿ ಸಿಗುವ ಡೇಟಾ ಗುಡ್ಡದ ಹಿಂದಿನವರಿಗೆ ತಲುಪಲು ಹಲವು ಪಟ್ಟು ಹೊತ್ತು ಬೇಕು. ಒಟ್ಟು ವೇಗವನ್ನಷ್ಟೇ ನೋಡಿ ಹಂಚಿದರೆ ದೂರದವರ ಪಾಲು ಸೊನ್ನೆಗೆ ಇಳಿಯಬಹುದು. ಎಲ್ಲರಿಗೂ ಒಂದೇ ವೇಗ ಬೇಕೆಂದು ನಾವು ಹಟ ಹಿಡಿದಿಲ್ಲ. ಪಡಿತರದ ಯಂತ್ರವನ್ನು ರಸ್ತೆ ತಿರುವಿಗೆ ಹೊತ್ತೊಯ್ಯದೆ ಅಂಗಡಿಯಲ್ಲೇ ಹೆಬ್ಬೆಟ್ಟು ಒತ್ತುವಂತಾಗಲಿ.

4. ಸಿಮ್ ಯಾವುದೇ ಇರಲಿ, ಹತ್ತಿರದ ಟವರು ಸಿಗಲಿ. ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ಎದ್ದ 4ಜಿ ಟವರುಗಳನ್ನು ಬೇರೆ ಕಂಪನಿಗಳ ಗ್ರಾಹಕರೂ ಬಳಸುವ ವ್ಯವಸ್ಥೆಗೆ ಕೇಂದ್ರ 2025ರ ಜನವರಿಯಲ್ಲಿ ಚಾಲನೆ ಕೊಟ್ಟಿದೆ. ನಮ್ಮ ಗುಡ್ಡಗಳ ಎಲ್ಲ ಟವರುಗಳಿಗೂ ಅದನ್ನು ವಿಸ್ತರಿಸಿ.

5. ಮಳೆಗಾಲದಲ್ಲಿ ಕರೆಂಟು ಹೋದಾಗ ಟವರು ಮಲಗದಂತೆ ಬ್ಯಾಟರಿ, ಡೀಸೆಲ್ ಜೂನ್‌ಗೆ ಮುಂಚೆಯೇ ಸಿದ್ಧವಿರಲಿ. ನಿಂತ ಗಂಟೆಗಳ ಲೆಕ್ಕವನ್ನು ಪ್ರತಿ ತಿಂಗಳು ಗ್ರಾಮ ಪಂಚಾಯಿತಿ ಫಲಕದಲ್ಲಿ ಹಾಕಿ.

ಹೊಸ ಟವರಿಗೆ ಜಾಗ, ಹಣ, ಅನುಮತಿ ಬೇಕೆಂಬುದು ನಮಗೂ ಗೊತ್ತು. ಇರುವುದನ್ನು ಸರಿಯಾಗಿ ಹಂಚಲು ಅಷ್ಟೆಲ್ಲ ಬೇಕಿಲ್ಲ. 30 ದಿನಗಳೊಳಗೆ ಅರಣ್ಯ ಇಲಾಖೆಯನ್ನೂ ಕೂರಿಸಿಕೊಂಡು ಸಭೆ ಕರೆಯಿರಿ. ಒಂದೊಂದು ಬೇಡಿಕೆಗೂ ಲಿಖಿತ ಉತ್ತರ ಕೊಡಿ.

ಇತಿ,
ಎರಡೂ ತಾಲ್ಲೂಕುಗಳ ಬಳಕೆದಾರರು