ಬಣ್ಣದ ಸರೋವರಗಳೂ ‘ಬರಡು’ ಎಂಬ ಮಾತೂ

ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ನೈಋತ್ಯ ಭಾಗದಲ್ಲಿ, ಆಂಡೀಸ್ ಪರ್ವತಗಳ ನಡುವೆ, ಎತ್ತರದ ಮರುಭೂಮಿಯೊಂದಿದೆ. ಉಯುನಿ ಪಟ್ಟಣದಿಂದ ಜೀಪುಗಳಲ್ಲಿ ಹೊರಟ ಪ್ರವಾಸಿಗಳು ಮೂರು ದಿನ ಸಂಚರಿಸಿ ಚಿಲಿ ದೇಶದ ಗಡಿಯನ್ನು ಮುಟ್ಟುವುದು ವಾಡಿಕೆ. ದಾರಿಯಲ್ಲಿ ಊರುಗಳು ವಿರಳ, ಮರಗಳಂತೂ ಇಲ್ಲವೆನ್ನಬೇಕು. ಇಂಥ ನೆಲವನ್ನು ನೋಡಿದವರು ‘ಬರಡು’ ಎನ್ನುವುದು ಸಹಜವೇ ಸರಿ. ಆದರೆ ಆ ಮಾತು ತಪ್ಪೆಂದೂ, ಅಪಾಯಕರವೆಂದೂ ನಮ್ಮ ಅಭಿಪ್ರಾಯ.

ಮೊದಲು ಎದುರಾಗುವುದು ಉಯುನಿಯ ಉಪ್ಪಿನ ಬಯಲು. ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿ, 10,000 ಚದರ ಕಿಲೋಮೀಟರಿಗೂ ಮಿಗಿಲಾಗಿ ಹರಡಿರುವ ಈ ಬಯಲು ಎಷ್ಟು ಸಮತಟ್ಟಾಗಿದೆಯೆಂದರೆ, ಉಪಗ್ರಹಗಳ ಎತ್ತರಮಾಪಕಗಳನ್ನು ಒರೆಗೆ ಹಚ್ಚಲು ವಿಜ್ಞಾನಿಗಳು ಇದನ್ನು ಬಳಸಿದ್ದಾರೆ. ಅದರ ಮೇಲೆ ಜೇನುಗೂಡನ್ನು ನೆನಪಿಸುವ ಆಕೃತಿಗಳುಂಟು. ಇಂಥ ಆಕೃತಿಗಳು ಹೇಗೆ ಮೂಡುತ್ತವೆಂಬುದಕ್ಕೆ 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹೀಗೆ ಕಾರಣ ಹೇಳಿತು: ಮೇಲಿನ ನೀರು ಆವಿಯಾದಂತೆ ಉಳಿದ ಉಪ್ಪುನೀರು ಭಾರವಾಗಿ ಕೆಳಗಿಳಿಯುತ್ತದೆ, ಹಗುರವಾದುದು ಮೇಲೇರುತ್ತದೆ, ಭಾರದ ನೀರು ಇಳಿಯುವ ಗೆರೆಗಳಲ್ಲಿ ಉಪ್ಪು ಹೆಚ್ಚಾಗಿ ಶೇಖರವಾಗಿ ಅಂಚುಗಟ್ಟುತ್ತದೆ. ನಿಶ್ಚಲವಾಗಿ ತೋರುವ ನೆಲದಡಿಯಲ್ಲಿ ನೀರಿನ ಸಂಚಾರ ನಡೆದೇ ಇದೆ.

ದಕ್ಷಿಣಕ್ಕೆ ಸಾಗಿದರೆ, ಸುಮಾರು 4,280 ಮೀಟರ್ ಎತ್ತರದಲ್ಲಿ, ಲಗೂನಾ ಕೊಲೊರಾದಾ ಎಂಬ ಕೆಂಪು ಸರೋವರ ಸಿಗುತ್ತದೆ. ಈ ಕೆಂಪು ಬಹುಮಟ್ಟಿಗೆ ಸೂಕ್ಷ್ಮ ಪಾಚಿಗಳ ಕೊಡುಗೆ. ತೀಕ್ಷ್ಣ ಬಿಸಿಲು, ಅತಿಯಾದ ಉಪ್ಪು ಇವುಗಳಿಂದ ತಮ್ಮನ್ನು ರಕ್ಷಿಸಿಕೊಳ್ಳಲು ಅವು ಗಜ್ಜರಿಯಲ್ಲಿರುವಂಥದೇ ವರ್ಣದ್ರವ್ಯವನ್ನು ತಯಾರಿಸುತ್ತವೆ. ಅಲ್ಲಿ ಮೇಯುವ ರಾಜಹಂಸಗಳ ಗುಲಾಬಿ ಬಣ್ಣವೂ ಇದೇ ವರ್ಗದ ದ್ರವ್ಯಗಳಿಂದ, ಆಹಾರದ ಮೂಲಕ ಬಂದುದು. ಗಡಿಯ ಬಳಿ, ಲಿಕಾಂಕಬೂರ್ ಜ್ವಾಲಾಮುಖಿಯ ಬುಡದಲ್ಲಿರುವ ಲಗೂನಾ ವೆರ್ದೆಯ ಹಸಿರಿಗಾದರೋ ಜೀವಿಗಳು ಕಾರಣವಲ್ಲ, ನೀರಿನಲ್ಲಿ ತೇಲುವ ಖನಿಜಗಳು ಕಾರಣ. ಗಾಳಿ ಬೀಸಿ ಕೆಸರು ಕಲಕಿದಾಗ ಅದರ ಛಾಯೆಯೂ ಬದಲಾಗುತ್ತದೆ. ಕಾರಣವನ್ನು ತಿಳಿದರೆ ಸೌಂದರ್ಯ ಕುಗ್ಗೀತೆಂದು ಹೆದರುವವರಿದ್ದಾರೆ. ನಮಗೆ ಹಾಗೆ ತೋರದು. ಕಾರಣವನ್ನು ತಿಳಿದವನಿಗೆ ಆ ಕೆಂಪು ಜೀವವೊಂದರ ಹೋರಾಟವಾಗಿ ಕಾಣುತ್ತದೆ.

ಇನ್ನು ಅಪಾಯದ ಮಾತು. ಬೊಲಿವಿಯಾದ ಉಪ್ಪಿನ ಬಯಲುಗಳ ಅಡಿಯ ನೀರಿನಲ್ಲಿ ಲಿಥಿಯಂ ಧಾತು ಹೇರಳವಾಗಿದೆ. ಆ ದೇಶದ ನಿಕ್ಷೇಪವನ್ನು ಅಮೆರಿಕದ ಭೂವಿಜ್ಞಾನ ಸಮೀಕ್ಷೆಯು 2024ರಲ್ಲಿ ಸುಮಾರು 2.3 ಕೋಟಿ ಟನ್ ಎಂದು ಅಂದಾಜು ಮಾಡಿತು. ಉಪ್ಪುನೀರನ್ನು ಮೇಲೆತ್ತಿ, ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನಾಗರಗಳಲ್ಲಿರುವಂತೆ ಬಿಸಿಲಿಗೆ ಬತ್ತಿಸುವುದು ಲಿಥಿಯಂ ತೆಗೆಯುವ ಒಂದು ರೂಢಿಯ ಕ್ರಮ. ಅಲ್ಲಿ ಕಡಲು ಮತ್ತೆ ನೀರು ತುಂಬುತ್ತದೆ. ಮಳೆ ಅಪರೂಪವಾದ ಈ ಎತ್ತರದಲ್ಲಿ ಆವಿಯಾದುದನ್ನು ತುಂಬುವವರಾರು? ಸುತ್ತಲಿನ ಕಿನೋವಾ ಬೆಳೆಗಾರರೂ ಲಾಮಾ ಸಾಕುವವರೂ ನಂಬಿರುವುದು ಅಲ್ಲಿಯ ಅಲ್ಪಸ್ವಲ್ಪ ನೀರನ್ನೇ ತಾನೆ?

ಲಿಥಿಯಂ ಬೇಡವೆಂದು ನಾವು ಹೇಳುತ್ತಿಲ್ಲ. ನಮ್ಮ ಕಿಸೆಯ ದೂರವಾಣಿ, ನಮ್ಮ ಬೀದಿಗಳ ವಿದ್ಯುತ್ ಸ್ಕೂಟರು ಅದರಿಂದಲೇ ನಡೆಯುತ್ತಿರುವಾಗ ಹಾಗೆ ಹೇಳುವುದು ಆತ್ಮವಂಚನೆಯಾದೀತು. ಆದರೆ ತೆಗೆಯುವ ಮೊದಲು ಅಳೆಯಬೇಕು. ಎಷ್ಟು ನೀರು ಬರುತ್ತದೆ, ಎಷ್ಟು ಹೋಗುತ್ತದೆ, ಉಪ್ಪುನೀರಿಗೂ ಸಿಹಿನೀರಿನ ಒರತೆಗಳಿಗೂ ಏನು ಸಂಬಂಧ ಎಂಬ ಲೆಕ್ಕ ಅಲ್ಲಿಯ ಜನರ ಮುಂದೆ ಬಹಿರಂಗವಾಗಿ ಇರಬೇಕು. ‘ಬರಡು’ ಎಂದು ಹೆಸರಿಟ್ಟ ನೆಲದಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ. ಆದುದರಿಂದಲೇ ಆ ಹೆಸರನ್ನು ಮೊದಲು ಬಿಡಬೇಕೆಂದು ನಾವು ಹೇಳುವುದು.