ಜೀವಶಾಸ್ತ್ರ ವಿಭಾಗದ ಪ್ರಶಸ್ತಿ ಯಾರಿಗೆ, ಯಾತಕ್ಕೆ?

ವಾರ್ಷಿಕೋತ್ಸವ ಹತ್ತಿರ ಬಂದಿದೆ. ಬಹುಮಾನಗಳ ಪಟ್ಟಿ ನೋಟಿಸ್ ಬೋರ್ಡಿಗೆ ಬಂದಾಗಿದೆ. ಜೀವಶಾಸ್ತ್ರ ವಿಭಾಗದ ಹೆಸರಿನ ಕೆಳಗೆ ಪ್ರತಿ ವರ್ಷದಂತೆ ಈ ವರ್ಷವೂ ಎರಡೇ ಸಾಲು. ಒಂದು, ಕಳೆದ ಸಾಲಿನ ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ಈ ವಿಷಯಕ್ಕೆ ಅತಿ ಹೆಚ್ಚು ಅಂಕ ಪಡೆದ ವಿದ್ಯಾರ್ಥಿಗೆ ನಗದು ಬಹುಮಾನ. ಇನ್ನೊಂದು, ಶೇಕಡಾ 100 ಫಲಿತಾಂಶ ತಂದುಕೊಟ್ಟ ಉಪನ್ಯಾಸಕರಿಗೆ ಸನ್ಮಾನ.

ಈ ಎರಡು ಪ್ರಶಸ್ತಿಗಳನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಕಷ್ಟಪಟ್ಟು ಓದಿ ಮೊದಲ ಸ್ಥಾನ ಪಡೆದವರು ವೇದಿಕೆ ಹತ್ತಲೇಬೇಕು, ಅವರ ತಂದೆ ತಾಯಿ ಮುಂದಿನ ಸಾಲಿನಲ್ಲಿ ಕೂತು ಅದನ್ನು ನೋಡಲೇಬೇಕು. ನನ್ನ ಮಾತು ಇಷ್ಟೇ: ಇಡೀ ವಿಭಾಗದ ಎರಡು ವರ್ಷದ ಕೆಲಸವನ್ನು ಈ ಎರಡೇ ಅಳತೆಗೋಲಿನಿಂದ ಅಳೆದರೆ, ಜೀವಶಾಸ್ತ್ರದಲ್ಲಿ ನಿಜವಾಗಿ ಬೆಲೆಯುಳ್ಳ ಹಲವು ಕೆಲಸಗಳು ಲೆಕ್ಕದಿಂದ ಹೊರಗೆ ಉಳಿಯುತ್ತವೆ. ಯಾವುದಕ್ಕೆ ಬಹುಮಾನ ಇದೆಯೋ ಅದನ್ನೇ ಎಲ್ಲರೂ ಮಾಡುತ್ತಾರೆ. ಯಾವುದಕ್ಕೆ ಇಲ್ಲವೋ ಅದು ನಿಧಾನವಾಗಿ ನಿಂತುಹೋಗುತ್ತದೆ.

ಮೊದಲು ವಿದ್ಯಾರ್ಥಿಗಳ ಪ್ರಶಸ್ತಿಯನ್ನು ನೋಡೋಣ. ನಮ್ಮ ವಾರ್ಷಿಕ ಪರೀಕ್ಷೆಯಲ್ಲಿ ಜೀವಶಾಸ್ತ್ರಕ್ಕೆ 70 ಅಂಕ ಥಿಯರಿಗೆ, 30 ಅಂಕ ಪ್ರಾಯೋಗಿಕಕ್ಕೆ. ಪ್ರಾಯೋಗಿಕದಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಪೂರ್ತಿ ಅಂಕದ ಹತ್ತಿರ ಹತ್ತಿರವೇ ಸಿಗುತ್ತದೆ ಎನ್ನುವುದು ನಮಗೆಲ್ಲ ಗೊತ್ತು. ಹಾಗಾಗಿ ಮೊದಲ ಸ್ಥಾನ ಯಾರಿಗೆ ಎಂಬುದು ಥಿಯರಿಯಲ್ಲೇ ತೀರ್ಮಾನವಾಗುತ್ತದೆ. ಇದರ ಜೊತೆಗೆ ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದೇ. ಬೆಳಿಗ್ಗೆ ಸಂಜೆ ಕೋಚಿಂಗಿಗೆ ಹೋಗುವವರು ಎನ್‌ಸಿಇಆರ್‌ಟಿ ಪುಸ್ತಕದ ಸಾಲು ಸಾಲನ್ನೂ ಹತ್ತಾರು ಸಲ ತಿರುವಿ ಹಾಕಿರುತ್ತಾರೆ. ಅದು ಅವರ ಶ್ರಮ, ಅದಕ್ಕೆ ಗೌರವ ಇದ್ದೇ ಇದೆ. ಆದರೆ ಕೋಚಿಂಗ್ ಶುಲ್ಕ ಕಟ್ಟಲು ಆಗುವ ಮನೆ ಯಾವುದು, ಆಗದ ಮನೆ ಯಾವುದು ಎಂಬುದೂ ಆ ಅಂಕಪಟ್ಟಿಯೊಳಗೆ ಸೇರಿಕೊಂಡಿರುತ್ತದೆ.

ನಮ್ಮ ಕಾಲೇಜಿಗೆ ಬರುವವರಲ್ಲಿ ಹತ್ತನೆಯವರೆಗೆ ಉರ್ದು ಮಾಧ್ಯಮದಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವರು ಬಹಳ ಮಂದಿ. ಸರ್ಕಾರಿ ಶಾಲೆಯಲ್ಲಿ ದ್ಯುತಿಸಂಶ್ಲೇಷಣೆಯನ್ನು ಚೆನ್ನಾಗಿ ಕಲಿತುಬಂದ ಹುಡುಗಿ, ಅದನ್ನೇ ಜಿಯಾಯಿ ತಾಲೀಫ್ ಎಂದು ಕಲಿತುಬಂದ ಹುಡುಗ, ಇಬ್ಬರೂ ಪ್ರಥಮ ಪಿಯುಸಿಯ ಮೊದಲ ವಾರದಲ್ಲಿ ಫೋಟೋಸಿಂಥೆಸಿಸ್ ಎಂಬ ಪದದ ಮುಂದೆ ಹೊಸಬರಂತೆ ಕೂರುತ್ತಾರೆ. ವಿಷಯ ಗೊತ್ತಿರುತ್ತದೆ, ಪದ ಗೊತ್ತಿರುವುದಿಲ್ಲ. ಪದಗಳನ್ನು ಎರಡು ಭಾಷೆಯಲ್ಲಿ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡು ಓದುತ್ತಾರೆ. ಹೀಗೆ ಓದಿ ಪ್ರಥಮ ಪಿಯುಸಿಯ ಮಧ್ಯಂತರ ಪರೀಕ್ಷೆಯಲ್ಲಿ ಪಾಸಾಗಲೂ ಒದ್ದಾಡಿದವರು ಮುಂದಿನ ವರ್ಷ ಫಸ್ಟ್ ಕ್ಲಾಸಿನಲ್ಲಿ ಬಂದರೆ, ಅವರು ನಡೆದುಬಂದ ದೂರ ಎಷ್ಟು ಎಂದು ಯೋಚಿಸಿ. ಮೊದಲ ದಿನದಿಂದಲೇ 90ರ ಮೇಲಿದ್ದವರು 98 ಪಡೆದದ್ದಕ್ಕಿಂತ ಇದು ಚಿಕ್ಕ ಸಾಧನೆಯೇ? ವೇದಿಕೆಯ ಮೇಲೆ ಇವರ ಹೆಸರನ್ನು ಕರೆಯಲು ನಮ್ಮ ಬಳಿ ಒಂದು ಪ್ರಶಸ್ತಿಯೂ ಇಲ್ಲ.

ಅಂಕವೇ ಎಲ್ಲವನ್ನೂ ಹೇಳುವುದಿಲ್ಲ ಎಂಬುದಕ್ಕೆ ಬೇರೆ ಕಡೆ ಹುಡುಕಬೇಕಾಗಿಲ್ಲ, ನಮ್ಮ ದ್ವಿತೀಯ ಪಿಯುಸಿ ಪಠ್ಯವೇ ಸಾಕು. ಆನುವಂಶೀಯತೆಯ ಪಾಠದಲ್ಲಿ ಬರುವ ಗ್ರೆಗರ್ ಮೆಂಡಲ್ ಶಿಕ್ಷಕ ಹುದ್ದೆಯ ಅರ್ಹತಾ ಪರೀಕ್ಷೆಯಲ್ಲಿ 1850ರಲ್ಲಿ ಫೇಲಾದರು. 1856ರಲ್ಲಿ ಮತ್ತೆ ಕುಳಿತರು, ಆಗಲೂ ಪಾಸಾಗಲಿಲ್ಲ. ಅದೇ 1856ರಿಂದ 1863ರವರೆಗೆ ಬಟಾಣಿ ಗಿಡಗಳನ್ನು ಬೆಳೆಸಿ, ಎಣಿಸಿ, ಬರೆದಿಟ್ಟರು. 1866ರಲ್ಲಿ ಪ್ರಬಂಧ ಪ್ರಕಟಿಸಿದರು. ಅದರ ಬೆಲೆ ಜಗತ್ತಿಗೆ ತಿಳಿದದ್ದು 1900ರಲ್ಲಿ. ಅಷ್ಟರಲ್ಲಿ ಮೆಂಡಲ್ ತೀರಿಕೊಂಡು 16 ವರ್ಷ ಆಗಿತ್ತು. ಇನ್ನೊಂದು ಉದಾಹರಣೆ ನಮ್ಮ ಕಾಲದ್ದೇ. ಇಂಗ್ಲೆಂಡಿನ ಜಾನ್ ಗರ್ಡನ್ 1949ರಲ್ಲಿ ಶಾಲೆಯಲ್ಲಿದ್ದಾಗ ಜೀವಶಾಸ್ತ್ರದಲ್ಲಿ 250 ಹುಡುಗರ ಪೈಕಿ ಕೊನೆಯವರು. ಈ ಹುಡುಗ ವಿಜ್ಞಾನಿಯಾಗುವ ಆಸೆ ಇಟ್ಟುಕೊಂಡಿರುವುದೇ ಹಾಸ್ಯಾಸ್ಪದ ಎಂಬ ಅರ್ಥದಲ್ಲಿ ಅವರ ಶಿಕ್ಷಕರು ವರದಿ ಬರೆದಿದ್ದರು. 2012ರಲ್ಲಿ ಅವರಿಗೆ ನೊಬೆಲ್ ಬಂತು. ಕಡಿಮೆ ಅಂಕ ಬಂದವರೆಲ್ಲ ಗರ್ಡನ್ ಆಗುತ್ತಾರೆ ಎಂದು ಯಾರೂ ಹೇಳುವುದಿಲ್ಲ. ಕೈಯಿಂದ ಮಾಡುವ, ಕಣ್ಣಿನಿಂದ ನೋಡುವ, ತಾಳ್ಮೆಯಿಂದ ಕಾಯುವ ಗುಣಗಳನ್ನು ಲಿಖಿತ ಪರೀಕ್ಷೆ ಹಿಡಿಯಲಾರದು ಎಂಬುದಷ್ಟೇ ಇಲ್ಲಿಯ ಪಾಠ.

ಆ ಗುಣಗಳು ನಮ್ಮ ಪ್ರಯೋಗಾಲಯದಲ್ಲಿ ದಿನವೂ ಕಾಣುತ್ತವೆ. ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆ ನೋಡುವ ಪ್ರಯೋಗವನ್ನೇ ತೆಗೆದುಕೊಳ್ಳಿ. ಬೇರನ್ನು ಸರಿಯಾದ ಹೊತ್ತಿಗೆ ಕತ್ತರಿಸಬೇಕು, ಬಣ್ಣ ಹದವಾಗಿ ಹಿಡಿಯಬೇಕು, ಕವರ್ ಸ್ಲಿಪ್ ಮೇಲೆ ಹೆಬ್ಬೆರಳು ಒತ್ತುವ ಬಲವೂ ಸರಿ ಇರಬೇಕು. ಇಡೀ ಬ್ಯಾಚಿನಲ್ಲಿ ಒಬ್ಬರ ಸ್ಲೈಡ್ ಮಾತ್ರ ಸ್ಪಷ್ಟವಾಗಿ ಬರುತ್ತದೆ, ಉಳಿದ ನಾವೆಲ್ಲ ಅದನ್ನೇ ನೋಡಿ ಚಿತ್ರ ಬರೆದು ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳುತ್ತೇವೆ. ಆ ಒಬ್ಬರಿಗೆ ಸಿಗುವ ಅಂಕವೂ ನಮಗೆ ಸಿಗುವ ಅಂಕವೂ ಒಂದೇ.

ಕಣ್ಣಿಟ್ಟು ನೋಡುವುದರ ಬೆಲೆಯನ್ನು ನಮ್ಮ ರಾಜ್ಯವೇ ದೇಶಕ್ಕೆ ತೋರಿಸಿಕೊಟ್ಟಿದೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿ ಕೆಲಸಕ್ಕೆ ಸೇರಿ, ಯಾವ ಮರದ ಬೀಜವನ್ನು ಯಾವಾಗ ಆರಿಸಬೇಕು, ಸಸಿಯನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ದಶಕಗಳ ಕಾಲ ನೋಡಿ ನೋಡಿಯೇ ಕಲಿತವರು. 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದುಹೋಗಿ ಪದ್ಮಶ್ರೀ ಸ್ವೀಕರಿಸಿದರು. ಅಂಥ ಜ್ಞಾನವನ್ನು ದೇಶವೇ ಗುರುತಿಸುತ್ತದೆ ಎಂದಾದರೆ, ಒಂದು ಕಾಲೇಜಿನ ಜೀವಶಾಸ್ತ್ರ ವಿಭಾಗಕ್ಕೆ ಅದು ಆಗದ ಕೆಲಸವೇನಲ್ಲ.

ಇನ್ನು ಉಪನ್ಯಾಸಕರ ಪ್ರಶಸ್ತಿ. ಇದರ ಬಗ್ಗೆ ವಿದ್ಯಾರ್ಥಿಗಳು ಮಾತಾಡಬಾರದು ಎಂದು ಕೆಲವರಿಗೆ ಅನಿಸಬಹುದು. ಆದರೆ ಈ ಪ್ರಶಸ್ತಿಯ ಪರಿಣಾಮ ನೇರವಾಗಿ ನಮ್ಮ ಮೇಲೆಯೇ ಆಗುತ್ತದೆ, ಆದ್ದರಿಂದ ವಿನಯದಿಂದಲೇ ಹೇಳುತ್ತೇನೆ. ಶೇಕಡಾ 100 ಫಲಿತಾಂಶ ಎಂಬ ಷರತ್ತು ಇದ್ದರೆ, ತರಗತಿಯ 60 ಮಂದಿಯಲ್ಲಿ ಒಬ್ಬರು ಫೇಲಾದರೂ ವರ್ಷದ ದುಡಿಮೆ ಲೆಕ್ಕಕ್ಕೆ ಬರುವುದಿಲ್ಲ. ಆಗ ಓದಿನಲ್ಲಿ ಹಿಂದಿರುವ ವಿದ್ಯಾರ್ಥಿ ಕಲಿಸಬೇಕಾದವನಾಗಿ ಕಾಣದೆ ಫಲಿತಾಂಶಕ್ಕೆ ಅಪಾಯವಾಗಿ ಕಾಣತೊಡಗುತ್ತಾನೆ. ಫಲಿತಾಂಶದ ಹಿಂದೆ ಬಿದ್ದ ಕಾಲೇಜುಗಳಲ್ಲಿ ಇಂಥವರಿಗೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಪ್ರವೇಶದ ಹೊತ್ತಿಗೇ ವಿಜ್ಞಾನ ನಿನಗೆ ಬೇಡ, ಕಲಾ ವಿಭಾಗಕ್ಕೆ ಹೋಗು ಎನ್ನುತ್ತಾರೆ. ಇಲ್ಲವೆ ಪ್ರಥಮ ಪಿಯುಸಿಯಲ್ಲೇ ತಡೆಯುತ್ತಾರೆ. ನಮ್ಮಲ್ಲಿ ಹಾಗೆ ಆಗುತ್ತಿದೆ ಎಂದು ನಾನು ಹೇಳುತ್ತಿಲ್ಲ. ಓದುವ ಅವಕಾಶ ಸಿಗದ ಮಕ್ಕಳಿಗಾಗಿಯೇ ಹಿರಿಯರು ಕಟ್ಟಿದ ಸಂಸ್ಥೆ ಇದು, ಇಲ್ಲಿ ಹಾಗೆ ಆಗಲೂಬಾರದು. ಅದಕ್ಕೇ ಆ ಕಡೆಗೆ ದೂಡುವ ಪ್ರಶಸ್ತಿಯನ್ನು ಈಗಲೇ ತಿದ್ದಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಪರಿಣಾಮ ಪ್ರಾಯೋಗಿಕ ತರಗತಿಗಳ ಮೇಲೆ. ಫಲಿತಾಂಶವೊಂದೇ ಗುರಿಯಾದರೆ ಜನವರಿ ಬರುವ ಹೊತ್ತಿಗೆ ಪೋರ್ಷನ್ ಮುಗಿಸುವ ಅವಸರ ಶುರುವಾಗುತ್ತದೆ. ಪ್ರಯೋಗಾಲಯದ ಅವಧಿಯಲ್ಲಿ ಪ್ರಶ್ನೋತ್ತರ ಬರೆಸಬೇಕಾಗುತ್ತದೆ. ಪರಾಗ ಮೊಳೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಲು ಬೆಳಿಗ್ಗೆ ಬೇಗ ಬಂದು ತಾಜಾ ಸದಾಪುಷ್ಪ ಹೂವು ಕಿತ್ತು, ಸಕ್ಕರೆ ದ್ರಾವಣ ಸಿದ್ಧಮಾಡಿಟ್ಟ ಮೇಡಂಗೆ ಆ ಕೆಲಸಕ್ಕಾಗಿ ಯಾವ ಸನ್ಮಾನವೂ ಇಲ್ಲ. ಅತಿಥಿ ಉಪನ್ಯಾಸಕರಂತೂ ಈ ಪ್ರಶಸ್ತಿಯ ಪಟ್ಟಿಗೇ ಬರುವುದಿಲ್ಲ. ಅಂದಹಾಗೆ, ಪರೀಕ್ಷೆ ಪಾಸಾಗದ ಮೆಂಡಲ್ ಶಾಲೆಯಲ್ಲಿ ಪಾಠ ಮಾಡಿದ್ದು ಕಾಯಂ ಅಲ್ಲದ ಬದಲಿ ಶಿಕ್ಷಕರಾಗಿಯೇ.

ಒಬ್ಬ ಒಳ್ಳೆಯ ಜೀವಶಾಸ್ತ್ರ ಗುರುವನ್ನು ಯಾವುದರಿಂದ ಅಳೆಯಬೇಕು ಎಂಬುದಕ್ಕೆ ಒಬೈದ್ ಸಿದ್ದಿಕಿ ಅವರ ಬದುಕು ನೋಡಬಹುದು. ಉತ್ತರ ಪ್ರದೇಶದ ಬಸ್ತಿಯಲ್ಲಿ 1932ರಲ್ಲಿ ಹುಟ್ಟಿದ ಅವರು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರ ಘಟಕ ಶುರು ಮಾಡಿದರು. ಮುಂದೆ ನಮ್ಮ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು. 1984ರಲ್ಲಿ ಪದ್ಮಭೂಷಣ, 2006ರಲ್ಲಿ ಪದ್ಮವಿಭೂಷಣ ಬಂತು. 2013ರಲ್ಲಿ ಅವರು ತೀರಿಕೊಂಡರು. ಇಂದು ಉಳಿದಿರುವುದು ಹಣ್ಣಿನ ನೊಣಗಳ ಮೇಲೆ ಅವರು ಮಾಡಿದ ಸಂಶೋಧನೆ, ಅವರ ಕೈಯಲ್ಲಿ ತಯಾರಾದ ಶಿಷ್ಯರು, ಮತ್ತು ಹೊಸಬರು ಈಗಲೂ ಹೋಗಿ ಕೆಲಸ ಕಲಿಯುತ್ತಿರುವ ಆ ಸಂಸ್ಥೆ. ಪ್ರಶಸ್ತಿ ಇಂಥ ಕೆಲಸದ ಹಿಂದೆ ಬಂದರೆ ಚಂದ.

ಪ್ರಶಸ್ತಿಯಿಂದ ಹೊರಗುಳಿಯುವವರ ಬಗ್ಗೆಯೂ ಒಂದು ಮಾತು. ಡಿಎನ್‌ಎ ರಚನೆಗಾಗಿ 1962ರ ನೊಬೆಲ್ ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಮೂವರಿಗೆ ಬಂತು. ಆ ರಚನೆ ತಿಳಿಯಲು ಆಧಾರವಾದ ಎಕ್ಸ್ ರೇ ಚಿತ್ರಗಳು ರೊಸಾಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಾಲಯದ್ದು. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದನ್ನು 1952ರಲ್ಲಿ ತೆಗೆದವರು ಅಲ್ಲಿನ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್. ಫ್ರಾಂಕ್ಲಿನ್ 1958ರಲ್ಲೇ ತೀರಿಹೋಗಿದ್ದರು. ಗಾಸ್ಲಿಂಗ್ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ವಿಜ್ಞಾನ ಒಬ್ಬರಿಂದ ಆಗುವ ಕೆಲಸವಲ್ಲ. ನಮ್ಮ ಲ್ಯಾಬಿನಲ್ಲಿ ಪ್ರಯೋಗಕ್ಕೆ ನಾಲ್ಕೈದು ದಿನ ಮೊದಲೇ ಈರುಳ್ಳಿಗಳನ್ನು ನೀರಿನ ಬಾಟಲಿಯ ಬಾಯಿಗೆ ಕೂರಿಸಿ ಬೇರು ಬರಿಸುವವರು, ಸ್ಲೈಡು ತೊಳೆದು ಒರೆಸಿ ಜೋಡಿಸುವವರು, ಮಾದರಿಗಳ ಜಾಡಿಗೆ ಫಾರ್ಮಲಿನ್ ಬದಲಿಸುವವರು ನಮ್ಮ ಅಟೆಂಡರ್ ಚಾಚಾ. ಅವರು ಒಂದು ದಿನ ರಜೆ ಹಾಕಿದರೆ ಪ್ರಾಯೋಗಿಕ ತರಗತಿ ನಡೆಯುವುದಿಲ್ಲ. ವಾರ್ಷಿಕೋತ್ಸವದಲ್ಲಿ ಅವರು ಕುರ್ಚಿ ಜೋಡಿಸುತ್ತಾರೆ, ವೇದಿಕೆ ಹತ್ತುವುದಿಲ್ಲ.

ಬರಿ ದೂರು ಹೇಳಿದರೆ ಪ್ರಯೋಜನವಿಲ್ಲ. ವಿಭಾಗದ ಮುಖ್ಯಸ್ಥರ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತೇನೆ.

ಒಂದು, ಪ್ರಗತಿ ಪ್ರಶಸ್ತಿ. ಪ್ರಥಮ ಪಿಯುಸಿಯ ಮಧ್ಯಂತರ ಪರೀಕ್ಷೆಯಿಂದ ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆಯವರೆಗೆ ಅತಿ ಹೆಚ್ಚು ಮೇಲೆ ಬಂದವರಿಗೆ ಇದು ಸಲ್ಲಲಿ. ಲೆಕ್ಕ ಕಾಲೇಜು ಕಚೇರಿಯಲ್ಲೇ ಇದೆ, ಕಳೆಯುವುದಷ್ಟೇ ಕೆಲಸ.

ಎರಡು, ವೀಕ್ಷಣಾ ಪುಸ್ತಕದ ಪ್ರಶಸ್ತಿ. ಕಾಲೇಜಿನ ಆವರಣದ ಹೊಂಗೆ ಯಾವಾಗ ಹೂ ಬಿಟ್ಟಿತು, ಬೇವಿಗೆ ಯಾವ ಹಕ್ಕಿ ಬಂತು, ಮನೆಯ ಹಿಂದಿನ ಚರಂಡಿಯಲ್ಲಿ ಸೊಳ್ಳೆ ಮರಿ ಯಾವ ತಿಂಗಳು ಹೆಚ್ಚು, ಇಂಥದ್ದನ್ನು ತಾರೀಖು ಹಾಕಿ ವರ್ಷಪೂರ್ತಿ ಬರೆದವರಿಗೆ. ಇದಕ್ಕೆ ಕೋಚಿಂಗ್ ಬೇಡ. ಯಾವ ಭಾಷೆಯಲ್ಲಿ ಬರೆದರೂ ನಡೆಯಲಿ. ಬಹುಮಾನವಾಗಿ ಟ್ರೋಫಿಯ ಬದಲು ಒಂದು ಒಳ್ಳೆಯ ಭೂತಗನ್ನಡಿ ಅಥವಾ ಸಲೀಂ ಅಲಿಯವರ ಹಕ್ಕಿಗಳ ಪುಸ್ತಕ ಕೊಟ್ಟರೆ ಅದು ಶೋಕೇಸಿನಲ್ಲಿ ಕೂರದೆ ಕೈಯಲ್ಲಿ ಇರುತ್ತದೆ.

ಮೂರು, ಉಪನ್ಯಾಸಕರ ಪ್ರಶಸ್ತಿಗೆ ಅಳತೆ ಬದಲಾಗಲಿ. ಫಲಿತಾಂಶದ ಜೊತೆಗೆ, ವಿದ್ಯಾರ್ಥಿಗಳು ಎಲ್ಲಿಂದ ಎಲ್ಲಿಗೆ ಬಂದರು ಎಂಬುದನ್ನೂ, ವೇಳಾಪಟ್ಟಿಯಲ್ಲಿದ್ದ ಪ್ರಯೋಗಗಳಲ್ಲಿ ನಿಜವಾಗಿ ಎಷ್ಟು ನಡೆದವು ಎಂಬುದನ್ನೂ ನೋಡಲಿ. ವಿದ್ಯಾರ್ಥಿಗಳಿಂದ ಹೆಸರಿಲ್ಲದ ಅಭಿಪ್ರಾಯ ಪತ್ರ ತೆಗೆದುಕೊಳ್ಳಲಿ. ಅತಿಥಿ ಉಪನ್ಯಾಸಕರೂ ಅರ್ಹರಾಗಲಿ.

ನಾಲ್ಕು, ಪ್ರಯೋಗಾಲಯದ ಸಿಬ್ಬಂದಿಗೆ ಅದೇ ದಿನ, ಅದೇ ವೇದಿಕೆಯಲ್ಲಿ ಗೌರವ ಸಲ್ಲಲಿ.

ಆಕ್ಷೇಪಗಳು ಬರುತ್ತವೆ, ಬರಲಿ. ಪ್ರಶಸ್ತಿ ಹೆಚ್ಚಾದರೆ ಬೆಲೆ ಕಡಿಮೆಯಾಗುತ್ತದೆ ಎನ್ನುವವರಿದ್ದಾರೆ. ಎಲ್ಲರಿಗೂ ಒಂದೊಂದು ಕೊಟ್ಟರೆ ಆ ಮಾತು ನಿಜ. ಇಲ್ಲಿ ಕೇಳುತ್ತಿರುವುದು ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಗುರುತು. ಅಂಕದಲ್ಲಿ ಪಕ್ಷಪಾತ ಇಲ್ಲ, ವೀಕ್ಷಣಾ ಪುಸ್ತಕದಲ್ಲಿ ಬರಬಹುದು ಎಂಬುದು ಎರಡನೆಯ ಆಕ್ಷೇಪ. ಇದು ಸರಿಯಾದ ಆತಂಕವೇ. ಅದಕ್ಕೆ ಹೆಸರು ಮುಚ್ಚಿ ಪುಸ್ತಕಗಳನ್ನು ನೋಡಬಹುದು, ಬೇರೆ ಕಾಲೇಜಿನ ಒಬ್ಬ ಉಪನ್ಯಾಸಕರನ್ನು ತೀರ್ಪಿಗೆ ಕರೆಯಬಹುದು. ಹಣದ ಪ್ರಶ್ನೆಯೂ ದೊಡ್ಡದಲ್ಲ. ಈಗ ಇರುವ ನಗದನ್ನೇ ಹಂಚಿಕೊಂಡರೆ ಅರ್ಧ ಕೆಲಸ ಆಗುತ್ತದೆ, ಉಳಿದದ್ದನ್ನು ಹಳೆ ವಿದ್ಯಾರ್ಥಿಗಳನ್ನು ಕೇಳಬಹುದು. ಇಲ್ಲಿ ಓದಿ ಡಾಕ್ಟರಾದವರು, ನರ್ಸ್ ಆದವರು, ಶಿಕ್ಷಕರಾದವರು ಎಷ್ಟೋ ಜನ ಇದ್ದಾರೆ.

ಈ ವರ್ಷದ ಪಟ್ಟಿ ಈಗಾಗಲೇ ಅಂಟಿಸಿ ಆಗಿದೆ, ಅದನ್ನು ಬದಲಿಸಿ ಎಂದು ಕೇಳುವುದಿಲ್ಲ. ಅಟೆಂಡರ್ ಚಾಚಾ ಅವರಿಗೆ ಒಂದು ಶಾಲು ಹೊದಿಸಲು ಮಾತ್ರ ಈಗಲೂ ಸಮಯವಿದೆ. ಉಳಿದ ಮೂರನ್ನು ಮುಂದಿನ ಸಾಲಿಗೆ ಇಟ್ಟುಕೊಳ್ಳೋಣ. ಒಂದೇ ಷರತ್ತು, ಪ್ರಥಮ ಪಿಯುಸಿಯವರಿಗೆ ಮೊದಲ ತರಗತಿಯ ದಿನವೇ ಈ ಪ್ರಶಸ್ತಿಗಳ ವಿಷಯ ತಿಳಿಸಬೇಕು. ಇಂಗ್ಲಿಷ್ ಪದಗಳ ಮುಂದೆ ಹೆದರಿ ಹಿಂದಿನ ಬೆಂಚಿನಲ್ಲಿ ಕೂತ ವಿದ್ಯಾರ್ಥಿಗೆ, ಈ ವಿಭಾಗದಲ್ಲಿ ತನಗೂ ಒಂದು ದಾರಿ ಇದೆ ಎಂದು ಆವತ್ತೇ ಗೊತ್ತಾಗಬೇಕು.

ಇದನ್ನು ಒಪ್ಪುವವರೂ ಒಪ್ಪದವರೂ ಮುಂದಿನ ಸಂಚಿಕೆಗೆ ಬರೆಯಿರಿ. ಪ್ರಾಂಶುಪಾಲರೂ ಆಡಳಿತ ಮಂಡಳಿಯವರೂ ಓದುತ್ತಾರೆಂಬ ನಂಬಿಕೆಯಿಂದ ಇಷ್ಟು ಬರೆದಿದ್ದೇನೆ.

— ದ್ವಿತೀಯ ಪಿಯುಸಿ, ಪಿಸಿಎಂಬಿ ವಿಭಾಗದ ವಿದ್ಯಾರ್ಥಿನಿ